ಬೋರ್ಡಿನ ಮಾತು, ನನ್ನ ಬಾಯಿ

ನನ್ನ ಕೆಲಸದ ಹೆಸರು ಮುನ್ಶಿ. ಮೈಸೂರಿನಲ್ಲಿ ನಮ್ಮ ಲೂಥರನ್ ಮಿಷನ್ನಿನವರು ಬಹಳ ಕಾಲ ತಮ್ಮವರಿಗೆ ಕನ್ನಡ ಕಲಿಸುವವರನ್ನು ಹಾಗೆಯೇ ಕರೆಯುತ್ತಿದ್ದರು. ಗಂಡಸಾದರೂ ಮುನ್ಶಿ, ಹೆಂಗಸಾದರೂ ಮುನ್ಶಿ. ಮುಂದೆ ಆ ಹೆಸರನ್ನು ಬದಲಾಯಿಸಿ ‘ಭಾಷಾ ಸಂಯೋಜಕಿ’ ಎಂದು ಮಾಡಿದರು. ನನ್ನ ಬಡ್ತಿಯ ಕಥೆ ಇಷ್ಟೇ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ದಟ್ಟಗಳ್ಳಿಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಹೊರದೇಶದ ನೆರವಿನಿಂದ ನಡೆಯುವ ಸಂಸ್ಥೆಯಲ್ಲಿ ದುಭಾಷಿಯಾಗಿ ಸೇರಿದ್ದಾಳೆ. ಮೊನ್ನೆ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ, “ಆಂಟಿ, ಇದ್ರಲ್ಲಿ ಅಂಥಾ ಕಷ್ಟ ಏನಿರುತ್ತೆ? ಅವರು ಹೇಳಿದ್ದನ್ನ ಇವರಿಗೆ ಹೇಳೋದು ತಾನೇ?” ಎಂದು ಕೇಳಿದಳು. “ಹೂಂ, ಅಷ್ಟೇ ಕಣಮ್ಮ” ಎಂದು ಕಳಿಸಿಬಿಟ್ಟೆ. ಆಮೇಲೆ ಆ ಉತ್ತರ ಸಾಲದು ಅನ್ನಿಸಿತು.

ನಮ್ಮದು ಅರಮನೆಯ ಊಳಿಗ, ಪಾಠಪ್ರವಚನ ಎಂದು ಬದುಕಿದ ಮನೆತನ. ನಾನು ಕನ್ನಡ ಎಂ.ಎ. ಮುಗಿಸಿ, ಮದುವೆಯೂ ಆಗಿ, ಕೆಲಸ ಹುಡುಕುತ್ತಿದ್ದೆ. ಮಿಷನ್ನಿನ ಹಳೆಯ ಮುನ್ಶಿಗಳು ಅಪ್ಪನ ಸ್ನೇಹಿತರು. ಕಣ್ಣು ಮಂಜಾಗಿ ಕೆಲಸ ಬಿಡುವ ಹೊತ್ತಿಗೆ ತಮ್ಮ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋದರು. ನಮ್ಮತ್ತೆಗೆ ಗಾಬರಿ. “ಪಾದ್ರಿಗಳ ಹತ್ರಾನೇನೇ ಶಾರದಾ? ನಾಳೆ ನಿನ್ನೇ ಅವರ ಕಡೆ ಮಾಡ್ಕೊಂಬಿಟ್ರೆ?” ಎಂದರು.

“ಪಾಠ ಹೇಳೋಳು ನಾನು ಅತ್ತೆ, ಅವರಲ್ಲ” ಎಂದೆ.

ಅಷ್ಟು ವರ್ಷದಲ್ಲಿ ಯಾರೊಬ್ಬರೂ ನನ್ನನ್ನು ಧರ್ಮ ಬದಲಿಸು ಎಂದು ಕೇಳಲಿಲ್ಲ. ನಾನು ಕುಂಕುಮ ಇಟ್ಟುಕೊಂಡೇ ಅವರಿಗೆ ಬೈಬಲ್ಲಿನ ಕನ್ನಡ ಓದಿಸಿದೆ. ಭಾಷೆ ಕಲಿಸುವುದಕ್ಕೆ ಯಾವ ಧರ್ಮದವರಾದರೂ ಅವರಿಗೆ ಅಡ್ಡಿಯಿರಲಿಲ್ಲ. ಯಾವುದಕ್ಕೆ ಅಡ್ಡಿಯಿತ್ತು ಎಂಬುದು ಬಹಳ ತಡವಾಗಿ ಗೊತ್ತಾಯಿತು.

ಲೂಥರನ್ ಮಿಷನ್ ಎಂದರೆ ಒಂದೇ ಸಂಸ್ಥೆ ಎಂದು ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ. ಯುರೋಪಿನ ಒಂದೊಂದು ದೇಶದಲ್ಲೂ ಬೇರೆ ಬೇರೆ ಸಂಘಗಳು, ಒಂದೊಂದು ಸಂಘಕ್ಕೂ ಅದರದೇ ಬೋರ್ಡು. ನಮ್ಮದು ಉತ್ತರದ ಒಂದು ಚಿಕ್ಕ ದೇಶದ ಬೋರ್ಡು. ಅಲ್ಲಿ ಕೂತವರು ಯಾರನ್ನು ಕಳಿಸಬೇಕು, ಎಲ್ಲಿಗೆ ಕಳಿಸಬೇಕು, ಯಾವಾಗ ವಾಪಸು ಕರೆಸಬೇಕು ಎಂದು ತೀರ್ಮಾನಿಸುತ್ತಿದ್ದರು. ಬಂದವರು ಮೊದಲು ಭಾಷೆ ಕಲಿಯಬೇಕು. ಪರೀಕ್ಷೆ ಪಾಸಾಗುವ ತನಕ ಡಾಕ್ಟರಾದರೂ ರೋಗಿಯನ್ನು ಮುಟ್ಟುವಂತಿಲ್ಲ, ಪಾದ್ರಿಯಾದರೂ ಜನರ ಮುಂದೆ ನಿಂತು ಉಪದೇಶದ ಪ್ರಸಂಗ ಮಾಡುವಂತಿಲ್ಲ. ಇದೊಂದು ನಿಯಮಕ್ಕೆ ಈಗಲೂ ನಾನು ಕೈಮುಗಿಯುತ್ತೇನೆ.

ನನ್ನ ಮೊದಲ ವಿದ್ಯಾರ್ಥಿ ಪಾದ್ರಿ ಹೆನ್ರಿಕ್. ಆರಡಿ ಮೀರಿದ ಆಳು. ಕುವೆಂಪುನಗರದಲ್ಲಿ ಅವರಿಗೆ ಹಿಡಿದುಕೊಟ್ಟ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಿಗೆ ದಿನಾ ತಲೆ ಹೊಡೆಸಿಕೊಳ್ಳುತ್ತಿದ್ದರು. ಮೊದಲನೇ ದಿನವೇ ನನಗೆ, “ನೀವು ಗುರು. ನಾನು ತಪ್ಪು ಮಾಡಿದರೆ ನಗಬೇಡಿ ಎಂದು ಕೇಳುವುದಿಲ್ಲ. ನಕ್ಕ ಮೇಲೆ ತಿದ್ದಿ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಂಥ ವಿನಯವಂತರನ್ನು ನಾನು ಕಂಡದ್ದು ಕಡಿಮೆ. ಆದರೆ ‘ಒ’ಕಾರ, ‘ಉ’ಕಾರ ಎರಡೂ ಅವರ ಬಾಯಲ್ಲಿ ಒಂದೇ ಆಗುತ್ತಿದ್ದವು.

ಪರೀಕ್ಷೆ ಪಾಸಾಗಿ ಮೊದಲ ಪ್ರಸಂಗ ಕೊಟ್ಟದ್ದು ಕೋಟೆ ತಾಲ್ಲೂಕಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ. ಜನರ ಮುಂದೆ ಕೈಯೆತ್ತಿ, “ದೇವರು ನಮಗೆಲ್ಲ ಬೇಕಾದಷ್ಟು ಕುಟ್ಟಿದ್ದಾರೆ!” ಎಂದರು. ಕೊಟ್ಟಿದ್ದಾರೆ ಎನ್ನಬೇಕಿತ್ತು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮುಂದೆ ಕೂತಿದ್ದ ಮುದುಕರೊಬ್ಬರು ಮಾತ್ರ ನಗಲಿಲ್ಲ. “ದಿಟ ಕಣ್ ಸಾಮಿ. ಚೆನ್ನಾಗೇ ಕುಟ್ಟವ್ನೆ” ಎಂದರು. ವಾಪಸು ಬರುವಾಗ ಜೀಪಿನಲ್ಲಿ ವಿಷಯ ತಿಳಿದು ಹೆನ್ರಿಕ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, “ಆ ಮುದುಕರು ಒಪ್ಪಿದರಲ್ಲ, ಅದು ನನ್ನ ಪ್ರಸಂಗಕ್ಕಿಂತ ದೊಡ್ಡದು” ಎಂದರು.

ಅವರು ಕೆಲವು ವರ್ಷ ಇಲ್ಲಿ ಮಿಷನ್ನಿನ ಮುಖ್ಯಸ್ಥರಾಗಿದ್ದು ಊರಿಗೆ ಮರಳಿದರು. ಅಲ್ಲಿ ಬೋರ್ಡಿನ ಕಾರ್ಯದರ್ಶಿಯಾದರು.

ಎರಡನೆಯವರು ಸಿಸ್ಟರ್ ಕರೀನ್. ನರ್ಸು. ಇವರಿಗೆ ಕನ್ನಡ ನೀರು ಕುಡಿದಂತೆ ಬಂತು, ಆದರೆ ನಾನು ಹೇಳಿಕೊಟ್ಟ ಕನ್ನಡವಲ್ಲ. ಬೆಳಿಗ್ಗೆ ನನ್ನ ಪಾಠ ಮುಗಿಸಿ ಮಧ್ಯಾಹ್ನ ಬಸ್ಸು ಹತ್ತಿ ಹಳ್ಳಿಗೆ ಹೋಗಿ ಹೆಂಗಸರ ಜೊತೆ ಜಗಲಿಯಲ್ಲಿ ಕೂತುಬಿಡುವರು. ಪರೀಕ್ಷೆಯ ದಿನ ಪರೀಕ್ಷಕರು ಗಂಭೀರವಾಗಿ, “ತಾವು ಹೇಗಿದ್ದೀರಿ?” ಎಂದರೆ ಇವರು, “ನಾವೇನ್ ಬುಡಿ, ಚೆಂದಾಗಿವಿ. ನೀವೆಂಗಿದ್ದೀರಿ?” ಎನ್ನಬೇಕೆ! ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಪಾಠ ನಂದೇ ಸರ್, ಭಾಷೆ ಅವರದು” ಎಂದೆ. ಪಾಸು ಮಾಡಿದರು.

ಕೋಟೆ ರಸ್ತೆಯ ಆ ಹಳ್ಳಿಯಲ್ಲೇ ಕರೀನ್ ಬಸುರಿ ಬಾಣಂತಿಯರಿಗಾಗಿ ಒಂದು ಆರೋಗ್ಯ ಕೇಂದ್ರ ನಡೆಸಿದರು. ಸುತ್ತಿನ ಊರುಗಳವರೆಲ್ಲ ಅದನ್ನು ‘ಸೆಂಟ್ರು’ ಎನ್ನುತ್ತಿದ್ದರು. ಹೆಂಚಿನ ಕಟ್ಟಡ, ಆರೇಳು ಮಂಚ, ಹಿಂದೆ ಒಂದು ಬಾವಿ. ವಾರಕ್ಕೊಮ್ಮೆ ಮೈಸೂರಿನಿಂದ ಡಾಕ್ಟರು ಬರುವರು. ಮಿಕ್ಕ ದಿನವೆಲ್ಲ ಕರೀನ್, ಮತ್ತು ಅವರ ಜೊತೆ ದೇವೀರಮ್ಮ.

ದೇವೀರಮ್ಮ ಪಕ್ಕದೂರಿನ ಒಕ್ಕಲು ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಮಿಷನ್ನಿನವರೇ ನರ್ಸಿಂಗ್ ಓದಿಸಿದ್ದರು. ಕರೀನರಿಗಿಂತ ಸ್ವಲ್ಪ ಚಿಕ್ಕವಳು. ಹೆರಿಗೆ ನೋವಿನಲ್ಲಿ ಕೂಗಾಡುವ ಹೆಂಗಸಿನ ಹಣೆಗೆ ಕೈಯಿಟ್ಟು, “ಅರಚ್ಕೋ ಕಣವ್ವ, ಇಲ್ಲಿ ಯಾರೂ ಬೇಡ ಅನ್ನಲ್ಲ” ಎಂದರೆ ಆ ಹೆಂಗಸು ಸುಮ್ಮನಾಗುತ್ತಿದ್ದಳು. ಕರೀನ್ ರಜೆಗೆಂದು ಊರಿಗೆ ಹೋದಾಗಲೆಲ್ಲ ಸೆಂಟರನ್ನು ನಡೆಸುತ್ತಿದ್ದವಳು ಅವಳೇ. ಯಾರಿಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ.

ಬೋರ್ಡಿನಿಂದ ಅತಿಥಿಗಳು ಬಂದಾಗ ಅವರನ್ನು ಸೆಂಟರಿಗೆ ಕರೆದೊಯ್ಯುವುದು ನನ್ನ ಕೆಲಸ. ಅತಿಥಿಗಳು ಕರೀನರ ಫೋಟೊ ತೆಗೆಯುವರು, ತೊಟ್ಟಿಲ ಫೋಟೊ ತೆಗೆಯುವರು. ಪಕ್ಕದಲ್ಲಿ ನಿಂತ ದೇವೀರಮ್ಮನನ್ನು “ಇವರು ಸಹಾಯಕಿ” ಎಂದು ಪರಿಚಯಿಸಬೇಕಿತ್ತು. ಅವಳ ಹುದ್ದೆಯ ಹೆಸರೇ ಅದು. ಅಷ್ಟು ವರ್ಷ ಅದನ್ನು ಬದಲಿಸಬೇಕೆಂದು ಬೋರ್ಡಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಸಹಾಯ ಮಾಡುವವರನ್ನು ನಮ್ಮ ಸಂಸ್ಥೆ ಚೆನ್ನಾಗಿ ತಯಾರು ಮಾಡಿತು. ನಡೆಸುವವರು ಮಾತ್ರ ಯಾವಾಗಲೂ ಹಡಗಿನಲ್ಲೋ ವಿಮಾನದಲ್ಲೋ ಬರುತ್ತಾರೆ ಎಂದುಕೊಂಡಿತು.

ಬರುವುದು ನಿಂತಿತು. ಹೊಸ ಮಿಷನರಿಗಳಿಗೆ ವೀಸಾ ಸಿಗುವುದು ಕಷ್ಟವಾಯಿತು. ಅತ್ತ ಆ ದೇಶದಲ್ಲೂ ಜೀವಮಾನವೆಲ್ಲ ಹೊರದೇಶದಲ್ಲಿ ಕಳೆಯುವ ಹುಮ್ಮಸ್ಸಿನವರು ಕಡಿಮೆಯಾದರು. ವರ್ಷಗಟ್ಟಲೆ ಕೂತು ಕಾಗುಣಿತ ತಿದ್ದುವವರ ಬದಲು ಎರಡು ವಾರಕ್ಕೆ ಬಂದು, ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಹಾಡಿ ಹೋಗುವ ತಂಡಗಳು ಬಂದವು. ಒಳ್ಳೆಯ ಮಕ್ಕಳೇ. ಆದರೆ ನನ್ನ ಹತ್ತಿರ ಅವರು ಕಲಿತದ್ದು ‘ನಮಸ್ಕಾರ’, ‘ಸಾಕು’, ‘ಖಾರ ಬೇಡ’. ಕೊನೆಕೊನೆಗೆ ಅದನ್ನೂ ಫೋನೇ ಹೇಳತೊಡಗಿತು.

ಅದೇ ಕಾಲಕ್ಕೆ ಬೋರ್ಡಿನಿಂದ ಹೊಸ ಮಾತೊಂದು ಬಂತು. ಇನ್ನು ಮುಂದೆ ನಾವು ಕಳಿಸುವವರು, ನೀವು ಪಡೆಯುವವರು ಎಂಬುದಿಲ್ಲ. ನಾವಿಬ್ಬರೂ ಪಾಲುದಾರರು. ಅದನ್ನು ವಿವರಿಸಲು ಹೆನ್ರಿಕ್ ಅವರೇ ಬಂದರು. ತಲೆ ಪೂರಾ ಬೆಳ್ಳಗಾಗಿತ್ತು. ಕನ್ನಡ ಬಹುಪಾಲು ಮರೆತಿತ್ತು. ಬಸ್‌ಸ್ಟ್ಯಾಂಡಿನ ಬೋರ್ಡುಗಳನ್ನು ಅಕ್ಷರ ಕೂಡಿಸಿ ಓದಿ ನನ್ನ ಕಡೆ ನೋಡಿ ಮಕ್ಕಳಂತೆ ನಕ್ಕರು.

ಸೆಂಟರಿನ ಹಳ್ಳಿ ಸಮಿತಿಯವರ ಮುಂದೆ ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಪಾಲುದಾರಿಕೆ ಎಂಬ ಮಾತು ಬಂದ ಕೂಡಲೇ ಸಮಿತಿಯ ಹಿರಿಯರೊಬ್ಬರು ಎದ್ದರು.

“ಪಾಲು ಅಂತೀರಿ, ಸಂತೋಷ. ಒಲ ಯಾರ್ದು?”

ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಹೆನ್ರಿಕ್ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. “ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಇದನ್ನು ಯಾರೂ ಕೇಳಿಲ್ಲ” ಎಂದರು.

ಅದಾದ ಮುಂದಿನ ವರ್ಷ ಕರೀನರಿಗೆ ನಿವೃತ್ತಿ. ಅವರ ಜಾಗಕ್ಕೆ ಯಾರನ್ನೂ ಕಳಿಸುವುದಿಲ್ಲ, ಸೆಂಟರನ್ನು ಇಲ್ಲಿನ ಸಭೆಗೆ ಒಪ್ಪಿಸುತ್ತೇವೆ ಎಂದು ಬೋರ್ಡು ತಿಳಿಸಿತು. ಸಭೆ ಎಂದರೆ ಇಲ್ಲಿನ ಲೂಥರನ್ ಕ್ರೈಸ್ತರ ಸಂಘ. ಅದರ ಅಧ್ಯಕ್ಷರು ರೆವರೆಂಡ್ ಸ್ಯಾಮ್ಯುಯೆಲ್. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಮಿತಭಾಷಿ, ನ್ಯಾಯವಂತರು. ಹೆನ್ರಿಕ್ ಮತ್ತೆ ಬಂದರು. ಒಪ್ಪಿಸುವ ಮಾತುಕತೆ ಸೆಂಟರಿನ ವರಾಂಡದಲ್ಲೇ ನಡೆಯಿತು.

ಕರೀನ್ ಎದ್ದು, ತಮ್ಮ ನಂತರ ದೇವೀರಮ್ಮ ಮುಖ್ಯಸ್ಥೆಯಾಗಬೇಕು ಎಂದರು. ಕನ್ನಡದಲ್ಲೇ ಹೇಳಿದರು. ಹಳ್ಳಿಯವರು ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದೆ.

ಅಯ್ಯನವರು ಕುರ್ಚಿಯಿಂದ ಏಳದೆ ನಿಧಾನವಾಗಿ, “ಸಭೆಯ ಸಂಸ್ಥೆಗೆ ಸಭೆಯ ಸದಸ್ಯರೇ ಮುಖ್ಯಸ್ಥರಾಗಬೇಕು. ಇದು ನಮ್ಮ ನಿಯಮ. ದೇವೀರಮ್ಮನ ಕೆಲಸದ ಬಗ್ಗೆ ನನ್ನದು ಎರಡು ಮಾತಿಲ್ಲ” ಎಂದರು.

ಹಿಂದಿನ ಸಾಲಿನಲ್ಲಿ ಸಭೆಯವರೊಬ್ಬರು, “ಅದಕ್ಕೇನಂತೆ, ಒಂದು ಭಾನುವಾರದ ಕೆಲಸ. ದೀಕ್ಷಾಸ್ನಾನ ಕೊಟ್ಬಿಟ್ರೆ ಆಯ್ತು” ಎಂದರು. ಒಬ್ಬಿಬ್ಬರು ನಕ್ಕರು.

ದೇವೀರಮ್ಮ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಯಾರೂ ಕುರ್ಚಿ ಹಾಕಿರಲಿಲ್ಲ. “ನಮ್ಮನೆ ದ್ಯಾವ್ರ ನಾನು ಯಾವತ್ತೂ ಸೆಂಟ್ರೊಳಕ್ಕೆ ತಂದಿಲ್ಲ. ನಿಮ್ ದ್ಯಾವ್ರಿಗೆ ದಿನಾ ಬೆಳಗ್ಗೆ ನಿಮ್ಮೊಟ್ಟಿಗೇ ಕೈ ಮುಗ್ದಿವ್ನಿ” ಎಂದಳು. “ಕೆಲ್ಸಕ್ಕೋಸ್ಕರ ದ್ಯಾವ್ರ ಬುಟ್ಬುಡು ಅಂದ್ರೆ, ನಾಳೆ ಇನ್ನೊಂದು ಕೆಲ್ಸಕ್ಕೆ ನಿಮ್ಮನ್ನೂ ಬುಡೋಳಾಯ್ತೀನಿ. ಅಂಥೋಳು ಬೇಕಾ ನಿಮ್ಗೆ?”

ನಾನು ಹೆನ್ರಿಕ್ ಅವರಿಗೆ ಅದನ್ನು ಹೇಳಿದೆ. ದುಭಾಷಿಯಾದವಳು ‘ಅವಳು ಹೀಗೆನ್ನುತ್ತಾಳೆ’ ಎನ್ನಬಾರದು, ‘ನಾನು’ ಎಂದೇ ಹೇಳಬೇಕು. ದೇವೀರಮ್ಮನ ‘ನಾನು’ ನನ್ನ ಬಾಯಿಂದ ಹಾಗೆಯೇ ಬಂತು. ಅಯ್ಯನವರು ತಲೆ ತಗ್ಗಿಸಿ, “ಆಕೆ ಹೇಳಿದ್ದು ಸರಿ” ಎಂದರು. “ಹುದ್ದೆಗಾಗಿ ಕೊಡೋ ದೀಕ್ಷಾಸ್ನಾನವನ್ನ ನಾನು ಕೊಡೋದಿಲ್ಲ. ಆದರೆ ನಿಯಮಾನೂ ಮೀರೋದಿಲ್ಲ.”

ಇನ್ನು ಉಳಿದದ್ದು ಬೋರ್ಡಿನ ಮಾತು. ಕಟ್ಟಡ ಆಗಿನ್ನೂ ಬೋರ್ಡಿನದೇ. ಈ ಸೆಂಟರಿಗೆ ಮಾತ್ರ ನಿಯಮ ಸಡಿಲವಾಗಲಿ ಎಂದು ಷರತ್ತು ಹಾಕಿ ಒಪ್ಪಿಸಿದ್ದರೆ ಸಭೆ ಒಪ್ಪುತ್ತಿತ್ತೇನೋ. ಎಲ್ಲರೂ ಹೆನ್ರಿಕ್ ಮುಖ ನೋಡಿದರು. ಅವರು ಎದ್ದು ನಿಂತು ಇಂಗ್ಲಿಷಿನಲ್ಲಿ ಮೂರೇ ವಾಕ್ಯ ಹೇಳಿದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. “ಇದು ಸ್ಥಳೀಯ ಸಭೆಯ ತೀರ್ಮಾನ. ನಾವು ಹಿಂದೆ ಎಲ್ಲದರಲ್ಲೂ ಕೈಹಾಕಿದೆವು, ಅದು ತಪ್ಪಾಗಿತ್ತು. ಈಗ ನಾನು ಮಧ್ಯೆ ಬರುವುದಿಲ್ಲ.”

ಎಷ್ಟೋ ಕಾಲ ಎಲ್ಲದರ ಮಧ್ಯೆ ಬಂದ ಬೋರ್ಡು, ಬರಬೇಕಾದ ಆ ಒಂದು ದಿನ ಬರಲಿಲ್ಲ. ಅವರ ಸಂಕೋಚ ಪ್ರಾಮಾಣಿಕವಾದದ್ದು. ಅದು ನನಗೆ ಗೊತ್ತಿತ್ತು, ಆದ್ದರಿಂದಲೇ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ದೇವೀರಮ್ಮ ಮಾತ್ರ ಹೆನ್ರಿಕ್ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ‘ಮಧ್ಯೆ ಬರುವುದಿಲ್ಲ’ ಎಂದದ್ದು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ನನ್ನ ಬಾಯಿಂದಲೇ ತಾನೇ? ಬಹಳ ದಿನಗಳವರೆಗೆ ಆ ಹಳ್ಳಿಯ ಹೆಂಗಸರು, ದೇವೀರಮ್ಮನಿಗೆ ಸೆಂಟರು ತಪ್ಪಿಸಿದವಳು ಮೈಸೂರಿನ ಮುನ್ಶಿ ಅಮ್ಮ ಎಂದೇ ತಿಳಿದಿದ್ದರಂತೆ.

ಕರೀನ್ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಕರೀನರಿಗೆ ಹೆನ್ರಿಕ್ ಮೇಲಧಿಕಾರಿ. ಬೋರ್ಡಿನ ಮಾತಿಗೆ ಬಹಿರಂಗವಾಗಿ ಎದುರಾಡುವುದನ್ನು ಅವರು ಎಂದೂ ಕಲಿತಿರಲಿಲ್ಲ. ಕೈ ಕಟ್ಟಿಕೊಂಡು ಕೂತೇ ಇದ್ದರು.

ಕರೀನರನ್ನು ಬೀಳ್ಕೊಡುವ ದಿನ ದೇವೀರಮ್ಮ ಬರಲಿಲ್ಲ. ಹೆರಿಗೆಯೊಂದು ನಡೆಯುತ್ತಿತ್ತು ಎಂದು ಹೇಳಿ ಕಳಿಸಿದಳು. ಅದು ನಿಜವೂ ಆಗಿತ್ತು.

ಮುಂದೆ ಸಭೆಯವರು ಒಬ್ಬ ಆಡಳಿತಗಾರರನ್ನು ನೇಮಿಸಿದರು. ಯಾವುದೋ ಆಫೀಸಿನಿಂದ ನಿವೃತ್ತರಾದವರು, ಒಳ್ಳೆಯವರೇ. ಹೆರಿಗೆ ಮನೆಯ ಹೊತ್ತುಗೊತ್ತು ಅವರಿಗೆ ತಿಳಿಯದು. ಐದು ಗಂಟೆಗೆ ಬೀಗ ಹಾಕಿಸುವರು. ಬೀಗ ತೆಗೆಸಲು ಅವರ ಮನೆಗೆ ಓಡಬೇಕು. ದೇವೀರಮ್ಮ ಒಂದು ವರ್ಷ ಜಗಳವಾಡಿ, ಸಾಕಾಗಿ, ಕುವೆಂಪುನಗರದ ಒಂದು ನರ್ಸಿಂಗ್ ಹೋಮಿಗೆ ಸೇರಿಕೊಂಡಳು. ಡಾಕ್ಟರು ಬರುವುದು ತಪ್ಪಿತು. ಹೆಂಗಸರೂ ಬರುವುದು ಬಿಟ್ಟರು. ಕೊನೆಗೆ ಸೆಂಟರಿನ ಬಾಗಿಲು ತೆಗೆಯುವುದೇ ನಿಂತಿತು.

ಅಯ್ಯನವರು ಮೈಸೂರಿನ ಆಫೀಸಿಗೆ ಬಂದಾಗ ಒಮ್ಮೆ ನನ್ನ ಮೇಜಿನ ಎದುರು ಕೂತು, “ಶಾರದಮ್ಮನವರೇ, ಒಂದು ದಿನ ನಾನು ನಿಯಮ ಮೀರಬಹುದಾಗಿತ್ತು ಅಲ್ವಾ?” ಎಂದರು. “ಮೀರಿದ್ದಿದ್ರೆ ನಿಮ್ಮವರು ನಿಮ್ಮನ್ನ ಬಿಡ್ತಿದ್ರಾ ಅಯ್ಯನವರೇ?” ಎಂದೆ. “ಬಿಡ್ತಿರಲಿಲ್ಲ. ನಮ್ಮ ಮಕ್ಕಳಿಗೇ ಕೆಲಸ ಇಲ್ಲ, ಹೊರಗಿನವರಿಗೆ ಯಾಕೆ ಅಂತಿದ್ರು. ಆದ್ರೆ ಅಧ್ಯಕ್ಷಗಿರಿ ಹೋಗ್ತಿತ್ತು, ಅಷ್ಟೇ ತಾನೇ” ಎಂದು ಎದ್ದು ಹೋದರು. ಅವರೀಗ ಇಲ್ಲ.

ನಾನೂ ನಿವೃತ್ತಳಾದೆ. ಆಫೀಸೂ ಮುಚ್ಚಿತು. ನನಗೂ ದೇವೀರಮ್ಮನಿಗೂ ಮಾತು ಮತ್ತೆ ಕೂಡಿದ್ದು ನಮ್ಮತ್ತೆ ಆ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಾಗ. ಅತ್ತೆಯ ಕೈಗೆ ಸೂಜಿ ಚುಚ್ಚುತ್ತಾ, ನನ್ನ ಕಡೆ ತಿರುಗದೆಯೇ, “ಅವತ್ತಿನ ಮಾತು ನಿಮ್ಮದಲ್ಲ ಅಂತ ಆಮೇಲೆ ಗೊತ್ತಾಯ್ತು ಬುಡಿ ಶಾರದಮ್ಮೋರೆ” ಎಂದಳು. ಈಗ ರಾಜೀವನಗರದಲ್ಲಿ ಅಣ್ಣನ ಮಗಳ ಮನೆಯ ಮೇಲಂತಸ್ತಿನಲ್ಲಿದ್ದಾಳೆ. ಅವಳೂ ನಿವೃತ್ತಳೇ.

ಕಳೆದ ಚಳಿಗಾಲದಲ್ಲಿ ಕರೀನ್ ಬಂದರು. ಪ್ರವಾಸಿಗಳ ವೀಸಾ. ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಅರಮನೆಯೂ ಬೇಡ, ಬೆಟ್ಟವೂ ಬೇಡ ಎಂದರು. “ದೇವೀರಮ್ಮನ ಹತ್ರ ಕರ್ಕೊಂಡೋಗಿ ಶಾರದಮ್ಮ, ಇನ್ನೇನೂ ಬ್ಯಾಡ” ಎಂದರು. ಅವರ ಕನ್ನಡ ಒಂದಿಷ್ಟೂ ಮಾಸಿರಲಿಲ್ಲ.

ಆಟೋದಲ್ಲಿ ಕರೆದೊಯ್ದೆ. ದೇವೀರಮ್ಮ ಮೆಟ್ಟಿಲಿಳಿದು ಬಂದು ಕೈ ಹಿಡಿದು ಮೇಲೆ ಹತ್ತಿಸಿದಳು. ಕೂತ ಮೇಲೆ ಇಬ್ಬರೂ ಬಹಳ ಹೊತ್ತು ಮಂಡಿನೋವಿನ ವಿಷಯ ಮಾತಾಡಿದರು. ಆಮೇಲೆ ಕರೀನ್ ಲೋಟ ಕೆಳಗಿಟ್ಟು, “ಅವತ್ತು ನಾನು ಎದ್ದು ನಿಂತ್ಕೋಬೇಕಿತ್ತು. ನಿಂತ್ಕೊಳ್ಲಿಲ್ಲ. ಅದ್ಕೇ ಬಂದೆ. ಕ್ಷಮಿಸ್ಬುಡು ದೇವೀರಮ್ಮ” ಎಂದರು.

“ಕ್ಷಮ್ಸಿದ್ದೆಲ್ಲ ಯಾವತ್ತೋ ಆಯ್ತು ಸಿಸ್ಟರ್” ಎಂದಳು ದೇವೀರಮ್ಮ. “ನಂಗೇನಾಯ್ತು? ಬ್ಯಾರೆ ಕಡೆ ಕೆಲ್ಸ ಸಿಕ್ತು, ಪಿಂಚಿಣಿ ಬತ್ತದೆ. ಆದ್ರೆ ಆ ಎಂಗಸ್ರು ಎಲ್ಗೋದ್ರು ಅಂತ ನೀವು ಒಂದಿನ ಕೇಳ್ಲಿಲ್ಲವಲ್ಲ, ಅದು ನಂಗೆ ಬ್ಯಾಸರ.”

“ಕೇಳೋಕೆ ಭಯ ಆಯ್ತು” ಎಂದರು ಕರೀನ್. “ಈಗ ಹೇಳು.”

ದೇವೀರಮ್ಮ ಹೇಳಿದಳು. ಯಾರ ಸೊಸೆ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋದಳು, ಯಾರ ಮಗಳು ಮನೆಯಲ್ಲೇ ಹೆತ್ತಳು, ಯಾರು ಚೆನ್ನಾಗಿದ್ದಾರೆ, ಯಾರಿಗೆ ಮಗು ಉಳಿಯಲಿಲ್ಲ. ಲಕ್ಷ್ಮಿ ಎಂಬವಳ ಮೊದಲ ಮಗುವನ್ನು ಇವರಿಬ್ಬರೇ ಹೆರಿಗೆ ಮಾಡಿಸಿದ್ದರು. ಎರಡನೆಯದಕ್ಕೆ ನೋವು ಬಂದಾಗ ಅವಳನ್ನು ಸೆಂಟರಿಗೆ ತಂದರಂತೆ. ಬೀಗ ನೋಡಿ ಮೈಸೂರಿನ ಕಡೆ ಆಟೋ ತಿರುಗಿಸಿದರಂತೆ. ದಾರಿಯಲ್ಲೇ ತೀರಿಹೋದಳು. ನನಗೂ ಈ ವಿಷಯ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಇಬ್ಬರ ನಡುವೆ ಮಾತು ದಾಟಿಸುವುದೇ ಕೆಲಸವಾಗಿದ್ದ ನಾನು ಅಲ್ಲಿ ಸುಮ್ಮನೆ ಕೂತಿದ್ದೆ. ಅವರ ನಡುವೆ ನನ್ನ ಅಗತ್ಯವೇ ಇರಲಿಲ್ಲ.

ಕರೀನ್ ಕೋಲು ಹುಡುಕಿ ಎದ್ದು ನಿಂತರು. “ಆ ಮನೆಗೆ ಹೋಗ್ಬೇಕು. ಅವಳ ಅತ್ತೆ ಇದಾರಾ? ಆ ಮೊದಲ್ನೇ ಮಗು? ನಾಳೆ ಬೆಳಗ್ಗೇನೇ ಹೋಗೋಣ.”

ದೇವೀರಮ್ಮ ಅವರ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಮತ್ತೆ ಕೂರಿಸಿದಳು.

“ಬ್ಯಾಡ ಸಿಸ್ಟರ್. ನಿಮ್ಮನ್ನ ಕಂಡ್ರೆ ಆ ಊರೋರು ಸೆಂಟ್ರು ತಿರ್ಗ ತೆಗೀತಾರೆ ಅನ್ಕತಾರೆ.”

ನಾವು ಹೋಗಲಿಲ್ಲ.